ಗಡ್ಡೆ ದುಡ್ಡಿಗೆ, ರಾಗಿ ಹೊಟ್ಟೆಗೆ

ಏಪ್ರಿಲ್ 9, 2024, ಮಂಗಳವಾರ. ಯುಗಾದಿ

ಹೋಳಿಗೆಗೆ ಕಣಕ ನಾದುತ್ತಿದ್ದಾಗ ಊರಿಂದ ತಮ್ಮನ ಫೋನು. ಇವತ್ತೇ ಹೊನ್ನಾರು ಹೂಡಿದರಂತೆ. ಎತ್ತಿನ ಕೊಂಬಿಗೆ ಹೂ ಸುತ್ತಿ, ನೇಗಿಲಿಗೆ ಅರಿಶಿನ ಕುಂಕುಮ ಇಟ್ಟು, ಮೂಡಲ ದಿಕ್ಕಿಗೆ ತಿರುಗಿಸಿ ಒಂದೆರಡು ಸಾಲು ಹೊಡೆದು ಬಂದಿದ್ದಾರೆ. "ನೆಲ ಕಲ್ಲಾಗೈತೆ ಅಕ್ಕ, ಗುಳ ಇಳೀಲೇ ಇಲ್ಲ. ಶಾಸ್ತ್ರಕ್ಕೆ ಗೀಚಿದ್ದಷ್ಟೆ" ಅಂದ. ಹಾಸನದ ಶಾಂತಿಗ್ರಾಮದ ಸುತ್ತಿನ ಹಳ್ಳಿಗಳಲ್ಲಿ ಎತ್ತು ಕಟ್ಟಿದ ಮನೆಗಳು ಈಗ ಕಡಿಮೆ. ಟ್ರ್ಯಾಕ್ಟರ್‌ಗೆ ಹಾರ ಹಾಕಿ ಹೊನ್ನಾರು ಮುಗಿಸುವವರೂ ಇದ್ದಾರೆ. ನಮ್ಮವನು ಒಂದು ಜೊತೆ ಉಳಿಸಿಕೊಂಡಿದ್ದಾನೆ, ಆಲೂಗಡ್ಡೆಯ ಸಾಲು ಎತ್ತಿಲ್ಲದೆ ನೆಟ್ಟಗೆ ಬರುವುದಿಲ್ಲ ಎಂಬ ಅಪ್ಪನ ಮಾತನ್ನು ಇನ್ನೂ ನಂಬಿ.

ಇಲ್ಲಿ ಬೆಂಗಳೂರಿನ ಕುರುಬರಹಳ್ಳಿಯಲ್ಲಿ ಹಬ್ಬದ ದಿನವೂ ಟ್ಯಾಂಕರಿನ ದಾರಿ ಕಾದೆವು. ಬೋರ್‌ವೆಲ್ ನಿಂತ ಮನೆಗಳವರು ಬಿಂದಿಗೆ ಹಿಡಿದು ಓಡಾಡುತ್ತಿದ್ದಾರೆ. ಈ ಬೇಸಿಗೆಯಷ್ಟು ಒಣ ಬೇಸಿಗೆಯನ್ನು ನಮ್ಮ ಬೀದಿ ಕಂಡ ನೆನಪು ನನಗಿಲ್ಲ.

ರಾತ್ರಿ ಗಾಲ್ವೇಯಿಂದ ಮಗಳು ಮಾತಾಡಿದಳು. ಅವಳ ಪಕ್ಕದ ಮನೆಯ ಅಜ್ಜಿ ಗುಡ್ ಫ್ರೈಡೆ ದಿನ ಹಿತ್ತಲಲ್ಲಿ ನಾಲ್ಕೈದು ಆಲೂಗಡ್ಡೆ ಹೂತಿದ್ದನ್ನು ಫೋಟೊ ತೆಗೆದಿದ್ದಾಳೆ. ಐರ್ಲೆಂಡಿನ ಹಳ್ಳಿಗಳಲ್ಲಿ ಅದು ಹಳೆಯ ಪದ್ಧತಿಯಂತೆ. ಮಣ್ಣು ಎಷ್ಟೇ ತಣ್ಣಗಿರಲಿ, ಆ ದಿನ ಸ್ವಲ್ಪವಾದರೂ ಬಿತ್ತಬೇಕು, ಬಿತ್ತನೆಗೆ ತೀರ್ಥ ಚಿಮುಕಿಸಬೇಕು. ಉಳಿದದ್ದು ಆಮೇಲೆ. ಕೆಲವರು ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬವನ್ನೇ ಗಡುವಾಗಿ ಇಟ್ಟುಕೊಳ್ಳುತ್ತಾರಂತೆ. "ನಮ್ಮ ಮಾವನ ಹೊನ್ನಾರೇ ಅಲ್ವಾಮ್ಮ ಇದು?" ಎಂದು ಕೇಳಿದಳು. ಹೌದು, ಅದೇ. ಬೆಳೆ ಬರುತ್ತದೋ ಇಲ್ಲವೋ ಗೊತ್ತಾಗುವ ಮೊದಲು ನೆಲಕ್ಕೆ ನಮಸ್ಕಾರ ಹೇಳಿ ಬರುವುದು.

ಮೇ 12, ಭಾನುವಾರ

ಮಳೆ ಶುರುವಾಗಿದೆ. ಏಪ್ರಿಲ್ ಪೂರ್ತಿ ಒಣಗಿಸಿ, ಭರಣಿಯ ಕೊನೆಗೆ ಬಂತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಿದ್ದಳು ಅಮ್ಮ. ನಿನ್ನೆಯಿಂದ ಕೃತ್ತಿಕೆ.

ತಮ್ಮ ಹಾಸನದ ಎಪಿಎಂಸಿ ಯಾರ್ಡಿಗೆ ಬಿತ್ತನೆ ಗಡ್ಡೆಗೆ ಹೋಗಿ ಬಂದಿದ್ದಾನೆ. ಮೇ ಬಂತೆಂದರೆ ಅಲ್ಲಿ ಜಾತ್ರೆ. ಪಂಜಾಬಿನ ಜಲಂಧರದಿಂದ ಬಂದು ಶೀತಲಗೃಹದಲ್ಲಿ ಕೂತಿದ್ದ ಮೂಟೆಗಳು ಹೊರಗೆ ಬೀಳುತ್ತವೆ. ರೈತರು ಮೂಟೆಯ ಬಾಯಿ ಬಿಚ್ಚಿ, ಒಂದೊಂದು ಗಡ್ಡೆ ಎತ್ತಿ, ಅಲ್ಲೇ ಕುಯ್ದು ನೋಡುತ್ತಾರೆ, ಒಳಗೆ ಕಂದು ಉಂಗುರ ಇದೆಯೋ, ಕಣ್ಣು ಬಿಟ್ಟಿದೆಯೋ ಎಂದು. ಐವತ್ತು ಕೆಜಿಯ ಮೂಟೆ, ಎಕರೆಗೆ ಹತ್ತು ಹನ್ನೆರಡು ಬೇಕು. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಬೀಜಕ್ಕೇ ಹೋಗುತ್ತದೆ. ಆಮೇಲೆ ಗೊಬ್ಬರ, ಔಷಧಿ, ಆಳು. ನೆಲಕ್ಕೆ ಒಂದು ಗಡ್ಡೆ ಹಾಕುವ ಮೊದಲೇ ರೈತ ಸಾಲದಲ್ಲಿ ಇಳಿದಿರುತ್ತಾನೆ.

ಹಾಸನದ ಗಡ್ಡೆಗೆ ಪಂಜಾಬಿನ ಬೀಜ ಏಕೆ ಎಂದು ಇಲ್ಲಿನ ಗೆಳತಿಯರು ಕೇಳುತ್ತಾರೆ. ನಮ್ಮಲ್ಲಿ ವರ್ಷವಿಡೀ ಹೇನು ಇರುತ್ತದೆ, ಎಲೆಯ ಹಿಂಬದಿಯಲ್ಲಿ ಕೂತು ರಸ ಹೀರುವ ಗಿಡಹೇನು. ಅದು ಗಿಡದಿಂದ ಗಿಡಕ್ಕೆ ನಂಜುರೋಗ ಹೊತ್ತು ತಿರುಗುತ್ತದೆ. ನಾವು ಬೆಳೆದ ಗಡ್ಡೆಯನ್ನೇ ಮತ್ತೆ ಬಿತ್ತಿದರೆ ಎರಡು ಮೂರು ಬೆಳೆಯಲ್ಲಿ ಗೋಲಿ ಗಾತ್ರಕ್ಕೆ ಇಳಿಯುತ್ತದೆ. ಪಂಜಾಬಿನ ಬಯಲಿನಲ್ಲಿ ಚಳಿಗಾಲದ ಮೊದಲ ತಿಂಗಳುಗಳಲ್ಲಿ ಹೇನಿನ ಕಾಟ ಬಹಳ ಕಡಿಮೆ. ಆ ಅವಧಿಯಲ್ಲಿ ಬೀಜ ಬೆಳೆದು, ಹೇನು ಏರುವ ಮೊದಲೇ ಸೊಪ್ಪು ಕತ್ತರಿಸಿ ಹಾಕುವ ವಿಧಾನವನ್ನು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ರೂಢಿಗೆ ತಂದಿತು. ನಮ್ಮ ಕುಫ್ರಿ ಜ್ಯೋತಿಯೂ ಆ ಸಂಸ್ಥೆಯದೇ, 1968ರ ತಳಿ. ಕುಫ್ರಿ ಅನ್ನುವುದು ಶಿಮ್ಲಾ ಹತ್ತಿರದ ಒಂದು ಊರು. ಅಪ್ಪ ಆ ಹೆಸರನ್ನು ಮನೆದೇವರ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಿದ್ದರು.

ಇವತ್ತಿನ ಮಾತಿನಲ್ಲಿ ನನ್ನನ್ನು ಕಾಡುತ್ತಿರುವುದು ಬೇರೆ. ಮೇಲಿನ ಹೊಲವನ್ನು ಶುಂಠಿಗೆ ಗುತ್ತಿಗೆ ಕೇಳಿಕೊಂಡು ಬಂದಿದ್ದಾರಂತೆ. ಎಕರೆಗೆ ಹೇಳಿದ ದುಡ್ಡು ನಾವು ರಾಗಿಯಲ್ಲಿ ಕಾಣುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದು ನಮ್ಮ ರಾಗಿ ಹೊಲ. ಗಡ್ಡೆ ದುಡ್ಡಿಗೆ, ರಾಗಿ ಹೊಟ್ಟೆಗೆ ಎಂದು ಅಪ್ಪ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಕೆಳಗಿನ ಕೆಂಪು ಮರಳು ಮಣ್ಣಿಗೆ ಏನು ಬೇಕಾದರೂ ಹಾಕಿ ಜೂಜಾಡು, ಮೇಲಿನದನ್ನು ಮುಟ್ಟಬೇಡ.

"ಯೋಚನೆ ಮಾಡೋ, ಅವಸರ ಬೇಡ" ಅಂದೆ. "ಯೋಚನೆ ಮಾಡ್ದೆ ಇರ್ತೀನಾ ಅಕ್ಕ? ಸೊಸೈಟಿ ಸಾಲ ತಲೆ ಮೇಲೈತೆ" ಅಂದ. ಅದಕ್ಕೆ ಏನು ಹೇಳಲಿ?

ಮೇ 26, ಭಾನುವಾರ. ಊರಿನಲ್ಲಿ

ನಿನ್ನೆ ಯಶವಂತಪುರದಿಂದ ರೈಲು ಹತ್ತಿ ಬಂದೆ. ಕುಣಿಗಲ್, ಶ್ರವಣಬೆಳಗೊಳದ ದಾರಿ. 2017ರಲ್ಲಿ ಈ ಹಳಿ ಆದಾಗಿನಿಂದ ತವರು ಹತ್ತಿರ ಬಂದಿದೆ. ದಾರಿಯುದ್ದಕ್ಕೂ ಉತ್ತ ಹೊಲಗಳು. ನಿನ್ನೆ ರೋಹಿಣಿ ಹುಟ್ಟಿದೆ.

ಹತ್ತು ದಿನದಿಂದ ಗಡ್ಡೆಯನ್ನು ನಡುಮನೆಯಲ್ಲಿ ಹರಡಿದ್ದಾರೆ. ಶೀತಲಗೃಹದ ಎರಡು ಮೂರು ಡಿಗ್ರಿಯಲ್ಲಿ ಮಲಗಿದ್ದದ್ದು ಮನೆಯ ಬೆಚ್ಚನೆಗೆ ಎಚ್ಚರವಾಗಿ ಮೊಳಕೆ ಒಡೆದಿದೆ. ಗಿಡ್ಡಗೆ, ದಪ್ಪಗೆ, ನೇರಳೆ ಮಿಶ್ರಿತ ಹಸಿರು. ಮೊಳಕೆ ಬೆಳ್ಳಗೆ ಉದ್ದಕ್ಕೆ ಹೋಗಿದ್ದರೆ ಕತ್ತಲು ಹೆಚ್ಚಾಯಿತು ಎಂದು ಲೆಕ್ಕ.

ನಿನ್ನೆ ಮಧ್ಯಾಹ್ನದಿಂದ ಬೀಜ ಕುಯ್ಯುವ ಕೆಲಸ. ನಾದಿನಿ, ಅವಳ ಅಕ್ಕ, ಬೀದಿಯ ಇನ್ನೂ ಮೂವರು ಹೆಂಗಸರು, ನಾನು. ಗಡ್ಡೆಗೆ ತಲೆ, ಬುಡ ಅಂತ ಇದೆ. ಬುಡದಲ್ಲಿ ತಾಯಿಗಿಡದ ಬಳ್ಳಿ ಕಿತ್ತ ಗುರುತು ಇರುತ್ತದೆ, ಅಲ್ಲಿ ಕಣ್ಣು ವಿರಳ. ತಲೆಯ ಕಡೆ ಕಣ್ಣು ಒತ್ತೊತ್ತಾಗಿ, ಅವೇ ಮೊದಲು ಚಿಗುರುವುದು. ಅದಕ್ಕೇ ಅಡ್ಡಕ್ಕೆ ಕುಯ್ಯಬಾರದು. ಅಡ್ಡ ಕುಯ್ದರೆ ಒಂದು ಹೋಳಿಗೆ ಎಲ್ಲ ಕಣ್ಣು, ಇನ್ನೊಂದು ಕುರುಡು. ತಲೆಯಿಂದ ಬುಡಕ್ಕೆ ಉದ್ದುದ್ದ ಸೀಳಬೇಕು, ಪ್ರತಿ ಹೋಳಿಗೂ ತಲೆಯ ಒಂದೆರಡು ಕಣ್ಣು ಸಿಗುವ ಹಾಗೆ. ಹೋಳು ತೀರ ಚಿಕ್ಕದಾದರೆ ಮೊಳಕೆಗೆ ಉಣ್ಣಲು ಏನೂ ಇರುವುದಿಲ್ಲ, ಮೂವತ್ತು ನಲವತ್ತು ಗ್ರಾಂ ಆದರೂ ಇರಬೇಕು. ಹೆಂಗಸರು ತೂಕ ನೋಡುವುದಿಲ್ಲ. ಗಡ್ಡೆಯನ್ನು ಅಂಗೈಯಲ್ಲಿ ಒಮ್ಮೆ ಉರುಳಿಸುತ್ತಾರೆ, ಹೆಬ್ಬೆರಳು ಕಣ್ಣು ಹುಡುಕುತ್ತದೆ, ಚಾಕು ಇಳಿಯುತ್ತದೆ. ಮಾತು ನಿಲ್ಲುವುದೇ ಇಲ್ಲ. ಕೊಳೆತದ್ದು ಸಿಕ್ಕಿದರೆ ಚಾಕುವನ್ನು ಔಷಧಿ ನೀರಿಗೆ ಅದ್ದಿ ಒರೆಸಿ ಮುಂದಿನದಕ್ಕೆ ಹೋಗುತ್ತಾರೆ. ಇಲ್ಲದಿದ್ದರೆ ಸೊರಗು ರೋಗ ಚಾಕುವಿನ ಮೂಲಕವೇ ಇಡೀ ಹೊಲಕ್ಕೆ ಹಬ್ಬುತ್ತದೆ. ಕುಯ್ದ ಹೋಳನ್ನು ಮ್ಯಾಂಕೋಜೆಬ್ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಆರಿಸಿದೆವು. ಬೆಳಗಾಗುವುದರಲ್ಲಿ ಕುಯ್ದ ಮುಖಕ್ಕೆ ತೆಳ್ಳನೆ ಪೊರೆ ಕಟ್ಟಿತ್ತು.

ಈ ಹೆಂಗಸರಿಗೆ ದಿನಗೂಲಿ ಬಿಟ್ಟರೆ ಬೇರೆ ಯಾವ ಮನ್ನಣೆಯೂ ಇಲ್ಲ. ಬೆಳೆ ಬಂದರೆ ಬೀಜ ಒಳ್ಳೆಯದಿತ್ತು, ಮಳೆ ಒಳ್ಳೆಯದಿತ್ತು ಅನ್ನುತ್ತೇವೆ. ಕುಯ್ದ ಕೈ ಒಳ್ಳೆಯದಿತ್ತು ಎಂದು ಹೇಳಿದ ಒಬ್ಬ ಯಜಮಾನನನ್ನೂ ನಾನು ನೋಡಿಲ್ಲ. ಹೇಳಬೇಕು.

ಬೆಳಿಗ್ಗೆ ಬಿತ್ತನೆ. ಸಾಲಿನ ತಲೆಯಲ್ಲಿ ಸಗಣಿಯ ಬೆನಕ, ಮೇಲೆ ಗರಿಕೆ, ಒಂದು ಕಾಯಿ. ಎತ್ತಿಗೆ ಬೆಲ್ಲ ತಿನ್ನಿಸಿದರು. ಆಮೇಲೆ ನೇಗಿಲು ಮುಂದೆ, ಮಡಿಲಲ್ಲಿ ಹೋಳು ತುಂಬಿಕೊಂಡ ಹೆಂಗಸರು ಹಿಂದೆ. ಗೇಣಿಗೊಂದು ಹೋಳು, ಕಣ್ಣು ಮೇಲೆ. ಮುಂದಿನ ಸಾಲು ಹೊಡೆಯುವಾಗ ಹಿಂದಿನದು ಮುಚ್ಚಿಕೊಳ್ಳುತ್ತದೆ. ತಿಪ್ಪೆಗೊಬ್ಬರ ಮೊದಲೇ ಹೊಡೆದಿದ್ದರು.

ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಮಗಳಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಐರ್ಲೆಂಡಿನ ಪಡುವಣ ಕರಾವಳಿಯಲ್ಲಿ ನೇಗಿಲು ಹೋಗದ ಕಲ್ಲುನೆಲದಲ್ಲಿ ಗುದ್ದಲಿಯಿಂದಲೇ ಏರು ಮಡಿ ಕಟ್ಟಿ, ಸಮುದ್ರದ ಪಾಚಿ ಹೊತ್ತು ತಂದು ಗೊಬ್ಬರ ಹಾಸಿ, ಅದರ ಮೇಲೆ ಬೀಜ ಇಟ್ಟು ಎರಡೂ ಬದಿಯ ಮಣ್ಣನ್ನು ಮಗುಚುತ್ತಿದ್ದರಂತೆ. 1840ರ ದಶಕದ ಬರದ ಕಾಲದಲ್ಲಿ ಬಿಟ್ಟುಹೋದ ಅಂಥ ಮಡಿಗಳ ಗೆರೆ ಇವತ್ತಿಗೂ ಗುಡ್ಡದ ಇಳಿಜಾರಿನಲ್ಲಿ ಕಾಣುತ್ತದೆ ಎಂದಳು. ಹಸಿರು ಹುಲ್ಲಿನ ಅಡಿಯಲ್ಲಿ ಸಾಲು ಸಾಲು, ಬಿತ್ತಿದವರ ಮನೆಗಳು ಮಾತ್ರ ಇಲ್ಲ.

ಜೂನ್ 30, ಭಾನುವಾರ

ಆರಿದ್ರೆ. ಊರಲ್ಲಿ ಮಣ್ಣು ಏರಿಸಿದ್ದಾರೆ. ಕಳೆ ಕಿತ್ತು, ಮೇಲುಗೊಬ್ಬರ ಕೊಟ್ಟು, ಎತ್ತಿನಿಂದ ಸಾಲು ಒಡೆದು ಗಿಡದ ಬುಡಕ್ಕೆ ಮಣ್ಣು ತಂದರೆ ದಿಂಡು ಎದ್ದು ನಿಲ್ಲುತ್ತದೆ. ಗಡ್ಡೆ ಕೂರುವುದು ಆ ದಿಂಡಿನ ಒಳಗೆ. ಬಿಸಿಲು ಬಿದ್ದರೆ ಗಡ್ಡೆ ಹಸಿರಾಗಿ ಕಹಿ ಬರುತ್ತದೆ, ಆಮೇಲೆ ಅದು ತಿನ್ನಲಿಕ್ಕಲ್ಲ. ಮೇಲಿನ ಹೊಲದ ವಿಷಯ ನಾನು ಎತ್ತಲಿಲ್ಲ, ಅವನೂ ಹೇಳಲಿಲ್ಲ.

ಸಂಜೆ ಕುರುಬರಹಳ್ಳಿ ಮುಖ್ಯರಸ್ತೆಯಲ್ಲಿ ಗಾಡಿಯವನ ಹತ್ತಿರ ಗಡ್ಡೆ ಕೊಂಡೆ. "ಇದು ಆಗ್ರಾದ್ದು ಅಮ್ಮ, ಕೋಲ್ಡ್ ಸ್ಟೋರೇಜ್ ಮಾಲು. ಹಾಸನದ್ದು ಬರೋಕೆ ಇನ್ನೂ ಟೈಮಿದೆ" ಅಂದ. ಯಶವಂತಪುರದ ಯಾರ್ಡಿನಿಂದ ತರುವವನು, ಊರೂರಿನ ಗಡ್ಡೆಯ ಮುಖ ಗೊತ್ತು ಅವನಿಗೆ. ಪಲ್ಯ ಮಾಡಿದೆ, ಸಿಹಿ ಹೊಡೆಯಿತು. ತಣ್ಣಗೆ ಬಹಳ ದಿನ ಇಟ್ಟರೆ ಗಡ್ಡೆಯ ಹಿಟ್ಟು ಸಕ್ಕರೆಯಾಗಿ ತಿರುಗುತ್ತದೆ, ಎಣ್ಣೆಗೆ ಬಿಟ್ಟರೆ ಬೇಗ ಕಂದಾಗುತ್ತದೆ. ಊರಿನ ಹೊಸ ಗಡ್ಡೆಯ ಸಿಪ್ಪೆ ಹೆಬ್ಬೆರಳು ತೀಡಿದರೆ ಬಿಡುತ್ತದೆ, ಬೇಯಿಸಿದರೆ ಮಣ್ಣಿನ ಪರಿಮಳ ಬರುತ್ತದೆ.

ಜುಲೈ 19, ಶುಕ್ರವಾರ

ಪುನರ್ವಸು ಮುಗಿಯುತ್ತಾ ಬಂತು, ಹಾಸನದ ಕಡೆ ಬಿಡದ ಮಳೆ. ನಾಲ್ಕೈದು ದಿನದಿಂದ ಬಿಸಿಲಿನ ಮುಖವಿಲ್ಲ. ಬೆಳಿಗ್ಗೆ ಆರಕ್ಕೇ ನಾದಿನಿ ಫೋನು ಮಾಡಿದಳು. "ಅತ್ತಿಗೆ, ರೋಗ ಬಿದ್ದೈತೆ. ನೀರು ನಿಲ್ಲೋ ಮೂಲೇಲಿ ಎಲೆ ಎಲ್ಲ ಸುಟ್ಟಂಗೆ ಆಗೈತೆ."

ಅಂಗಮಾರಿ. ಎಲೆಯ ಅಂಚಿನಲ್ಲಿ ಮೊದಲು ನೀರು ತಾಗಿದಂಥ ಕಲೆ, ಮಧ್ಯಾಹ್ನಕ್ಕೆ ಕಂದು, ಮಾರನೇ ದಿನ ಕಪ್ಪು. ಇಬ್ಬನಿ ಆರುವ ಮೊದಲು ಎಲೆ ಮಗುಚಿ ನೋಡಿದರೆ ಕಲೆಯ ಸುತ್ತ ಬಿಳಿ ಬೂಷ್ಟು. ಹೊಲಕ್ಕೆ ಕಾಲಿಟ್ಟರೆ ಕೊಳೆತ ವಾಸನೆ. ಆ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಅದು ಮನೆಗೆ ಬಂದ ವರ್ಷ ಅಪ್ಪ ರಾತ್ರಿ ಊಟಕ್ಕೆ ಕೂತು ಎದ್ದುಬಿಡುತ್ತಿದ್ದರು.

ತಂಪು, ಮೋಡ, ತುಂತುರು, ಎಲೆ ಒಣಗಲು ಬಿಡದ ತೇವ. ಇವಿಷ್ಟು ಸಿಕ್ಕರೆ ಸಾಕು, ಒಂದು ವಾರದಲ್ಲಿ ಹೊಲ ಮಲಗುತ್ತದೆ. ಹಾಸನ ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಮಳೆಗಾಲದ ಆ ತಂಪು ಇರುವುದರಿಂದಲೇ ನೀರಾವರಿ ಇಲ್ಲದೆ ಮುಂಗಾರಿನಲ್ಲಿ ಅಲ್ಲಿ ಆಲೂಗಡ್ಡೆ ಬರುವುದು. ಗಡ್ಡೆ ಕಟ್ಟಿಸುವ ತಂಪೇ ಅಂಗಮಾರಿಯನ್ನೂ ಕರೆದು ತರುತ್ತದೆ. ಇದಕ್ಕೆ ಯಾರನ್ನು ದೂರುವುದು?

ಮಗಳ ಊರನ್ನು ಹಾಳುಗೆಡವಿದ್ದೂ ಇದೇ ರೋಗ. ವಿಜ್ಞಾನದಲ್ಲಿ ಇದಕ್ಕೆ ಫೈಟಾಫ್ತೊರಾ ಇನ್‌ಫೆಸ್ಟನ್ಸ್ ಎಂದು ಹೆಸರು. ಅಣಬೆಯ ಜಾತಿ ಎಂದು ಮೊದಲು ತಿಳಿದಿದ್ದರು, ನಿಜವಾಗಿ ನೀರಿನಲ್ಲಿ ಈಜಬಲ್ಲ ಬೀಜಾಣು ಬಿಡುವ ಬೇರೆಯೇ ಜೀವಿ. 1845ರ ಬೇಸಿಗೆಯ ಕೊನೆಗೆ ಐರ್ಲೆಂಡಿಗೆ ಕಾಲಿಟ್ಟಿತು. ಆಗ ಅಲ್ಲಿ ಎಂಬತ್ತು ಲಕ್ಷಕ್ಕೂ ಮಿಕ್ಕ ಜನ. ಅದರಲ್ಲಿ ಸುಮಾರು ಮೂವತ್ತು ಲಕ್ಷ ಬಡವರಿಗೆ ಆಲೂಗಡ್ಡೆಯೇ ಮೂರು ಹೊತ್ತಿನ ಊಟ. ಕೂಲಿ ಮಾಡುವ ಗಂಡಸು ದಿನಕ್ಕೆ ಐದಾರು ಕೆಜಿ ತಿನ್ನುತ್ತಿದ್ದ. ಬಹುಪಾಲು ಹೊಲಗಳಲ್ಲಿ ಲಂಪರ್ ಎಂಬ ಒಂದೇ ತಳಿ. ಮುಂದಿನ ಏಳು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದ, ಜ್ವರದಿಂದ ಸತ್ತರು. ಅಷ್ಟೇ ಜನ ಹಡಗು ಹತ್ತಿ ಹೋದರು.

ಆ ಹೊಲಗಳಲ್ಲಿ ಓಟ್ಸ್ ಬೆಳೆಯುತ್ತಿತ್ತು. ದನ ಇದ್ದವು, ಬೆಣ್ಣೆ ಇತ್ತು. ಅವೆಲ್ಲ ಜಮೀನ್ದಾರನ ಗೇಣಿಗೆ. ಹಸಿವಿನ ವರ್ಷಗಳಲ್ಲೂ ಬಂದರಿನಿಂದ ಹಡಗುಗಳು ಧಾನ್ಯ ತುಂಬಿಕೊಂಡು ಇಂಗ್ಲೆಂಡಿಗೆ ಹೋದವು. ರೋಗ ಗಡ್ಡೆಯನ್ನು ಕೊಳೆಸಿತು, ಜನರನ್ನು ಕೊಂದದ್ದು ಗೇಣಿ. ಇದನ್ನು ನಾನು ಶಾಲೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಹೇಳುತ್ತಿದ್ದೆ, ಪುಸ್ತಕದಲ್ಲಿ ಇಲ್ಲದಿದ್ದರೂ. ಹಾಸನ ಕಡೆಯ ಒಂದಿಬ್ಬರು ಮಕ್ಕಳು ತಲೆ ಎತ್ತಿ ಕೇಳುತ್ತಿದ್ದರು. ಉಳಿದವರಿಗೆ ಆಲೂಗಡ್ಡೆ ಅಂದರೆ ಮಸಾಲೆ ದೋಸೆಯ ಒಳಗಿನದು ಮಾತ್ರ.

ನಮ್ಮಲ್ಲಿ ಬರ ಬಂದದ್ದು ಬೇರೆ ದಾರಿಯಿಂದ. 1876ರಿಂದ 78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯ ಸುಮಾರು ಐದರಲ್ಲಿ ಒಂದು ಪಾಲು ಜನ ಹೋದರು. ಮಳೆ ಹೋಯಿತು, ರಾಗಿ ಹೋಯಿತು. ಆದ್ದರಿಂದ ರಾಗಿ ಇದ್ದರೆ ಯಾವ ಭಯವೂ ಇಲ್ಲ ಎಂದು ನಾನು ಹೇಳಲಾರೆ. ಆದರೆ ಒಂದು ವ್ಯತ್ಯಾಸ ದೊಡ್ಡದು. ಕೊಯ್ದ ಆಲೂಗಡ್ಡೆ ಮನೆಯಲ್ಲಿ ಕೆಲವು ತಿಂಗಳು ತಡೆದರೆ ಹೆಚ್ಚು. ರಾಗಿಯನ್ನು ಹಗೇವಿಗೆ ಇಳಿಸಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳು ಹಿಡಿಯದೆ ಕೂರುತ್ತದೆ. ಅಂಗಮಾರಿ ಬಂದ ವರ್ಷ ನಮ್ಮ ಮನೆಯಲ್ಲಿ ಸಾಲ ಏರಿದೆ, ಅಮ್ಮನ ಬಳೆ ಗಿರವಿಗೆ ಹೋಗಿದೆ, ಆದರೆ ಮುದ್ದೆ ತಪ್ಪಿಲ್ಲ. ಮೇಲಿನ ಹೊಲ ಇದ್ದದ್ದಕ್ಕೆ.

ಸಂಜೆ ತಮ್ಮನಿಗೆ ಇದನ್ನೇ ಹೇಳಿದೆ. ಔಷಧಿ ಹೊಡೆದು ಬಂದು ಸುಸ್ತಾಗಿದ್ದ. ಸುಮ್ಮನೆ ಕೇಳಿಸಿಕೊಂಡು, "ನಾಳೆ ಮಾತಾಡಾಣ ಅಕ್ಕ" ಅಂದ.

ಜುಲೈ 28, ಭಾನುವಾರ

ಊರಿಗೆ ಹೊರಡಬೇಕೆಂದು ಚೀಲ ಕಟ್ಟಿದ್ದೆ. ಇವರು ಬೇಡವೆಂದರು. ಸಕಲೇಶಪುರದಾಚೆ, ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಮೊನ್ನೆ ಹಳಿಯ ಕೆಳಗಿನ ಮಣ್ಣು ಜಾರಿ ಮಂಗಳೂರು ಕಡೆಯ ರೈಲುಗಳು ನಿಂತಿವೆ. ಹಾಸನದವರೆಗೆ ಬಸ್ಸಿಗೆ ತೊಂದರೆ ಇಲ್ಲ, ಆದರೂ ಈ ಮಳೆಯಲ್ಲಿ ನಾನು ಹೋಗಿ ಅವರಿಗೆ ಇನ್ನೊಂದು ಕೆಲಸವಾಗುವುದು ಬೇಡ ಎಂದು ಉಳಿದೆ.

ತಮ್ಮ ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಿದ್ದಾನೆ. ಹೊಡೆದ ಮೇಲೆ ನಾಲ್ಕು ಗಂಟೆ ಮಳೆ ಬರದಿದ್ದರೆ ಪುಣ್ಯ. ಪೀಪಾಯಿಯಲ್ಲಿ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತಿದ್ದ ಕಾಲವನ್ನು ಅಪ್ಪ ಹೇಳುತ್ತಿದ್ದರು. ಮಲೆನಾಡಿನ ಅಡಿಕೆಯವರು ಕೊಳೆರೋಗಕ್ಕೆ ಇಂದಿಗೂ ಅದನ್ನೇ ಹೊಡೆಯುವುದು. ಅಡಿಕೆಯ ಕೊಳೆ, ಆಲೂಗಡ್ಡೆಯ ಅಂಗಮಾರಿ ಎರಡೂ ಒಂದೇ ಕುಲದವು. ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ ಕೆಲಸ ಮಾಡಿ 1910ರಲ್ಲಿ ವರದಿ ಬರೆದರು, ಗೊನೆಗೆ ಬೋರ್ಡೋ ಹೊಡೆಯುವುದನ್ನು ನಮ್ಮ ರೈತರಿಗೆ ಕಲಿಸಿದರು. ಆಮೇಲೆ ಹೆಬ್ಬಾಳದಲ್ಲಿ ಕೃಷಿ ಶಾಲೆ ಕಟ್ಟಿದವರೂ ಅವರೇ. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಮಗಳ ಕಡೆ ಇವತ್ತು ಗಾರ್ಲೆಂಡ್ ಭಾನುವಾರ, ಜುಲೈ ತಿಂಗಳ ಕೊನೆಯದು. ಹೊಸ ಆಲೂಗಡ್ಡೆ ಅಗೆದು ಮೊದಲ ಊಟ ಮಾಡುವ ದಿನ. ಅದಕ್ಕೆ ಮೊದಲು ಅಗೆದರೆ ಮನೆಯ ಯಜಮಾನನಿಗೆ ನಾಚಿಕೆ, ಹಳೆಯ ದಾಸ್ತಾನು ಮುಗಿಸಿಕೊಂಡ ದಂಡಪಿಂಡ ಎಂದು ಊರು ಆಡಿಕೊಳ್ಳುತ್ತಿತ್ತಂತೆ. ಹಳೆಯ ಗಡ್ಡೆ ಮುಗಿದು ಹೊಸದು ಬರದ ಜುಲೈ ತಿಂಗಳು ಅವರಿಗೆ ಹಸಿವಿನ ತಿಂಗಳು, ಎಲೆಕೋಸು ತಿಂದು ದೂಡುವ ತಿಂಗಳು. ಪಕ್ಕದ ಮನೆಯ ಅಜ್ಜಿ ಬೇಯಿಸಿದ ಗಡ್ಡೆ, ಬೆಣ್ಣೆ, ಉಪ್ಪು ಕಳಿಸಿದ್ದರು. ಅಕ್ಟೋಬರ್ ಕೊನೆಯ ಹ್ಯಾಲೊವೀನ್ ರಾತ್ರಿಗೆ ಗಡ್ಡೆ, ಎಲೆಕೋಸು ಕಿವುಚಿ ಮಾಡುವ ಕೋಲ್ಕ್ಯಾನನ್‌ನಲ್ಲಿ ಉಂಗುರ ಹುದುಗಿಸುತ್ತಾರೆ, ಯಾರ ಬಾಯಿಗೆ ಸಿಕ್ಕಿತೋ ಅವರಿಗೆ ಆ ವರ್ಷ ಮದುವೆ. ಮಗಳು ಇದನ್ನು ಹೇಳಿ ನಕ್ಕಳು, ಆಗ ಬಾ ಎಂದು ಅಜ್ಜಿ ಕರೆದಿದ್ದಾರಂತೆ.

ಅವರ ಹವಾಮಾನ ಇಲಾಖೆ ಅಂಗಮಾರಿಯ ಎಚ್ಚರಿಕೆಯನ್ನೇ ಪ್ರತ್ಯೇಕ ಕೊಡುತ್ತದೆ ಎಂಬುದು ನನಗೆ ಇವತ್ತಿನ ಹೊಸ ಸುದ್ದಿ. ಉಷ್ಣಾಂಶ ಹತ್ತು ಡಿಗ್ರಿಗಿಂತ ಮೇಲೆ, ಗಾಳಿಯ ತೇವ ಶೇ. 90ಕ್ಕಿಂತ ಮೇಲೆ ಹನ್ನೆರಡು ಗಂಟೆ ನಿಂತಿತೆಂದರೆ ಲೆಕ್ಕ ಶುರು. ರೇಡಿಯೊದಲ್ಲಿ ಹೇಳುತ್ತಾರೆ, ಇಂಥ ಜಿಲ್ಲೆಯವರು ಇಂಥ ದಿನದೊಳಗೆ ಔಷಧಿ ಹೊಡೆಯಿರಿ ಎಂದು. ಹಾಸನದ ಆಕಾಶವಾಣಿ ಬೆಳಗಿನ ಪ್ರದೇಶ ಸಮಾಚಾರದ ಹಿಂದೆಯೇ ಹೀಗೊಂದು ಮಾತು ನಿತ್ಯ ಹೇಳಿದರೆ ಎಷ್ಟು ಹೊಲ ಉಳಿದಾವು!

ಆಗಸ್ಟ್ 11, ಭಾನುವಾರ

ಸೊಪ್ಪು ಕೊಯ್ದುಹಾಕಿದರು. ಅರ್ಧ ಹೊಲ ಕಪ್ಪಾಗಿತ್ತು, ಇನ್ನು ಬಿಟ್ಟರೆ ಎಲೆಯಿಂದ ಮಳೆನೀರಿನ ಜೊತೆ ರೋಗ ಇಳಿದು ದಿಂಡಿನೊಳಗಿನ ಗಡ್ಡೆಗೆ ತಗುಲುತ್ತದೆ. ಮಣ್ಣು ದಪ್ಪಗೆ ಏರಿಸಿದ್ದು ಈಗ ಕೈ ಹಿಡಿಯಬೇಕು. ಸೊಪ್ಪು ಹೋದ ಮೇಲೆ ಗಡ್ಡೆ ಬೆಳೆಯುವುದಿಲ್ಲ, ಸಿಪ್ಪೆ ಮಾತ್ರ ಬಲಿಯುತ್ತದೆ. ಗಾತ್ರ ಬಿಟ್ಟುಕೊಟ್ಟು ಗಡ್ಡೆ ಉಳಿಸಿಕೊಂಡ. ನನಗೆ ಸರಿ ಕಂಡಿತು.

ಮೇಲಿನ ಹೊಲಕ್ಕೆ ಪುಷ್ಯದಲ್ಲೇ ರಾಗಿ ಚೆಲ್ಲಿದ್ದಾನೆ! ಮಾತಿನ ಕೊನೆಗೆ ಹೇಳಿದ, ಬೇರೆ ಯಾವುದೋ ವಿಷಯ ಹೇಳುವವನ ಹಾಗೆ. ಶುಂಠಿಯವರು ಇನ್ನೊಂದು ಸಲ ಬಂದಿದ್ದರಂತೆ. "ಅವ್ರು ಬಿಟ್ಟೋದ ನೆಲದಾಗೆ ಮುಂದಿನ್ ವರ್ಷ ಏನೂ ಸರಿಯಾಗಿ ಬರಕಿಲ್ಲ ಅಕ್ಕ, ಪಕ್ಕದೋರ ಹೊಲ ನೋಡಿವ್ನಿ" ಅಂದ. ನನ್ನ ಐರ್ಲೆಂಡಿನ ಮಾತಿಗಿಂತ ಪಕ್ಕದ ಹೊಲ ಅವನಿಗೆ ಹೆಚ್ಚು ಹೇಳಿರಬೇಕು. ಏನೇ ಇರಲಿ, ಇವತ್ತು ಸಂತೋಷದಿಂದ ಮಲಗುತ್ತೇನೆ.

ಸೆಪ್ಟೆಂಬರ್ 1, ಭಾನುವಾರ. ಊರಿನಲ್ಲಿ

ಗಡ್ಡೆ ಕಿತ್ತೆವು. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ನೇಗಿಲಿನ ಗುಳ ದಿಂಡಿನ ನಡುವೆ ಹೋಗುತ್ತಿದ್ದಂತೆ ಕೆಂಪು ಮಣ್ಣು ಎರಡೂ ಕಡೆ ಬಿದ್ದು ಬೆಳ್ಳನೆ ಗಡ್ಡೆಗಳು ಮೇಲೆ ಬರುತ್ತವೆ. ಆ ನೋಟಕ್ಕೆ ನನಗೆ ಈ ವಯಸ್ಸಿನಲ್ಲೂ ಮೈ ಜುಂ ಅನ್ನುತ್ತದೆ. ಹೆಂಗಸರು ಸಾಲು ಹಿಡಿದು ಮಂಕರಿಗೆ ಆಯ್ದರು. ಹೊಲದ ಮೂಲೆಯಲ್ಲಿ ಮೂರು ರಾಶಿ. ದಪ್ಪ, ನಡುವಿನದು, ಗೋಲಿ. ಕೊಳೆತದ್ದನ್ನು ಬೇರೆ ತೆಗೆದು ದೂರ ಗುಂಡಿಗೆ ಹಾಕಿದರು, ಬದುವಿನ ಮೇಲೆ ಬಿಟ್ಟರೆ ಅಲ್ಲೇ ಚಿಗುರಿ ಬರುವ ವರ್ಷದ ರೋಗಕ್ಕೆ ಮನೆಯಾಗುತ್ತದೆ.

ಒಳ್ಳೆಯ ವರ್ಷ ಬಿತ್ತಿದ ಮೂಟೆಗೆ ಎಂಟು ಹತ್ತು ಮೂಟೆ ಕಂಡಿದ್ದೇವೆ. ಈ ಸಲ ಐದರ ಆಸುಪಾಸು. ಬಿತ್ತನೆಯ ಖರ್ಚು, ಔಷಧಿಯ ಖರ್ಚು ಕಳೆದರೆ ಕೈಗೆ ಹತ್ತಿದ್ದು ಅಲ್ಪ. ಹೊಲಕ್ಕೇ ಬಂದ ವ್ಯಾಪಾರಿ ರಾಶಿಯನ್ನು ಕಾಲಿನಿಂದ ಕೆದಕಿ ದರ ಹೇಳಿದ. ತಮ್ಮ ಕೊಡಲಿಲ್ಲ, ನಾಳೆ ಹಾಸನಕ್ಕೆ ತಾನೇ ಹಾಕುತ್ತಾನೆ.

ಸಂಜೆ ಹಕ್ಕಲು ಆಯಲು ಮಕ್ಕಳು, ಮುದುಕಿಯರು ಬಂದರು. ಕಿತ್ತು ಮುಗಿದ ಹೊಲದಲ್ಲಿ ಮಣ್ಣು ಕೆದಕಿ ಸಿಕ್ಕಿದ್ದು ಅವರದು, ಯಾರೂ ತಡೆಯುವುದಿಲ್ಲ. ಹೊಲ ಕಡಿಮೆ ಕೊಟ್ಟ ವರ್ಷವೂ ತಡೆಯಬಾರದು, ಅದು ಕಟ್ಟು. ಒಬ್ಬ ಹುಡುಗ ಅಂಗಿಯ ಮಡಿಲಲ್ಲಿ ಗೋಲಿ ಗಡ್ಡೆ ತುಂಬಿಕೊಂಡು ಅಲ್ಲೇ ಬದುವಿನಲ್ಲಿ ಪುರಲೆ ಒಟ್ಟಿ ಸುಟ್ಟ. ನನಗೂ ಎರಡು ಕೊಟ್ಟ. ಸಿಪ್ಪೆ ಕಪ್ಪಾಗಿ, ಒಳಗೆ ಹಿಟ್ಟು ಹಿಟ್ಟು, ಉಪ್ಪು ಕೂಡ ಬೇಕೆನಿಸಲಿಲ್ಲ.

ಮೊದಲು ಕಿತ್ತ ಗಡ್ಡೆಗಳು ದೇವರ ಗೂಡಿನ ಮುಂದೆ ಇವೆ. ಗೌರಿ ಹಬ್ಬಕ್ಕೆ ಐದು ದಿನ.

ಅಕ್ಟೋಬರ್ 2, ಬುಧವಾರ. ಮಹಾಲಯ ಅಮಾವಾಸ್ಯೆ

ಮಾರ್ನಮಿ ಪಕ್ಷದ ಕೊನೆಯ ದಿನ. ಊರಲ್ಲಿ ಹಿರಿಯರ ಎಡೆ. ಅಪ್ಪನಿಗೆ ಇಷ್ಟವಾದದ್ದೆಲ್ಲ ಇಟ್ಟಿದ್ದಾರೆ. ಹೊಸ ಪಂಚೆ, ಎಲೆ ಅಡಿಕೆ, ರಾಗಿ ಮುದ್ದೆ, ಹೊಸ ಗಡ್ಡೆ ಹಾಕಿದ ಕೋಳಿ ಸಾರು. ನಾನು ಇಲ್ಲಿಯೂ ಅದನ್ನೇ ಮಾಡಿ ಎಡೆ ಇಟ್ಟೆ. ಊರಿಂದ ತಂದ ಗಡ್ಡೆ ಇನ್ನೂ ಅರ್ಧ ಚೀಲ ಇದೆ. ಬೀದಿಯ ನಾಲ್ಕು ಮನೆಗೆ ಹಂಚಿದ್ದೆ, ಎದುರುಮನೆಯವರು "ಇದು ಬೇರೆ ಗಡ್ಡೇನೇ ಬಿಡಿ ಮೇಡಂ" ಎಂದು ಮತ್ತೆ ಕೇಳಿ ತೆಗೆದುಕೊಂಡರು.

ಕೆಳಗಿನ ಹೊಲಕ್ಕೆ ಹುರುಳಿ ಚೆಲ್ಲಿದ್ದ, ಮೊಳೆತಿದೆ. ಮೇಲೆ ರಾಗಿ ತೆನೆಗೆ ಬಂದಿದೆ.

ಬೀಜದ ವಿಷಯ ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಹಾಸನದ ಸೋಮನಹಳ್ಳಿ ಕಾವಲಿನಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ. ಪೆರು ದೇಶದ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆ ಸೇರಿ ವಿಶ್ವವಿದ್ಯಾಲಯದವರು ಹೊಸ ದಾರಿಯೊಂದನ್ನು ರೈತರಿಗೆ ತೋರಿಸಿದ್ದಾರೆ. ಅಂಗಾಂಶ ಕೃಷಿಯ ರೋಗವಿಲ್ಲದ ತಾಯಿಗಿಡದಿಂದ ತುದಿಯ ಕುಡಿ ಕತ್ತರಿಸಿ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಬೇರು ಬರಿಸಿ, ಆ ಸಸಿಯನ್ನೇ ನೆಡುವುದು. ಒಂದು ಸಸಿಗೆ ಹತ್ತರ ಹತ್ತಿರ ಗಡ್ಡೆ ಕಟ್ಟುತ್ತದೆ, ಅದು ಮುಂದಿನ ಬೆಳೆಗೆ ಬೀಜ. ಕುಫ್ರಿ ಹಿಮಾಲಿನಿ ಎಂಬ ತಳಿ ಅಂಗಮಾರಿಯನ್ನು ಜ್ಯೋತಿಗಿಂತ ಚೆನ್ನಾಗಿ ತಡೆಯುತ್ತದೆ. ಎರಡು ಮೂರು ಬೆಳೆಗೊಮ್ಮೆ ಹೊಸ ಸಸಿ ತಂದುಕೊಂಡರೆ ಜಲಂಧರದ ಲಾರಿ ಕಾಯುವುದು ಬೇಡ. ಹೇನಿನ ಕಾಟ ಇರುವುದರಿಂದ ಕೀಟ ತಡೆಯುವ ಪರದೆ, ಕಾವಲು ಎಲ್ಲ ಬೇಕು, ಒಬ್ಬನ ಕೈಲಿ ಆಗುವುದಲ್ಲ, ನಾಲ್ಕೈದು ಮನೆ ಸೇರಬೇಕು. ತಮ್ಮನಿಗೆ ಅನುಮಾನ. "ಸಸಿ ನೆಡೋದು ಬದನೆಕಾಯ್ಗೆ ಅಕ್ಕ, ಆಲೂಗಡ್ಡೆಗೆ ಯಾರ್ ನೆಡ್ತಾರೆ?" ಅಂದ. ನಾದಿನಿ ಮಾತ್ರ ಹಿಂದಿನಿಂದ, "ಬೀಜ ಕುಯ್ಯೋರು ನಾವು. ನಾವ್ ನಾಕು ಜನ ಹೋಗಿ ನೋಡ್ಕಂಡ್ ಬತ್ತೀವಿ" ಅಂದಳು.

ಅದೇ ಸರಿ. ದಸರೆ ಕಳೆದ ಮೇಲೆ ಅವಳು, ಅವಳಕ್ಕ, ಕುಯ್ಯಲು ಬಂದಿದ್ದ ಆ ಮೂವರು ಹೆಂಗಸರು, ಜೊತೆಗೆ ನಾನು, ಸೋಮನಹಳ್ಳಿ ಕಾವಲಿಗೆ ಹೋಗುವುದು ಎಂದಾಗಿದೆ. ಕೇಂದ್ರದ ಫೋನ್ ನಂಬರು ಹುಡುಕಿ ನಾಳೆ ಬೆಳಿಗ್ಗೆ ವಿಚಾರಿಸಬೇಕು. ಸಸಿಯ ಬೆಲೆ, ಎಷ್ಟು ದಿನ ಮೊದಲು ಹೇಳಬೇಕು, ಹಿಮಾಲಿನಿ ಸಿಗುತ್ತದೆಯೇ, ಪರದೆಗೆ ಸಹಾಯಧನ ಇದೆಯೇ.